ಹತ್ತರಲ್ಲಿ ಒಂದು ಕೊಟ್ಟಾಯಿತು, ಉಳಿದ ಒಂಬತ್ತರ ಲೆಕ್ಕ ಎಲ್ಲಿ? ಹೊಸದಾಗಿ ದುಡಿಯತೊಡಗಿದ ಕ್ರೈಸ್ತ ಯುವಜನರಿಗೆ ಸಮಗ್ರ ಮಾರ್ಗದರ್ಶಿ

ಚರ್ಚಿನಲ್ಲಿ ಹಣದ ಮಾತು ಬಂದರೆ ಅದು ಬಹುಪಾಲು ದಶಮಾಂಶದ, ಅಂದರೆ ದುಡಿದದ್ದರಲ್ಲಿ ಹತ್ತರಲ್ಲೊಂದನ್ನು ದೇವರಿಗೆ ಕೊಡುವುದರ, ಮಾತೇ ಆಗಿರುತ್ತದೆ. ಕೊಟ್ಟಿರಾ, ಇಲ್ಲವಾ, ಅಷ್ಟಕ್ಕೇ ಪ್ರಸಂಗ ಮುಗಿಯುತ್ತದೆ. ಉಳಿದ ಒಂಬತ್ತು ಪಾಲು ಫೋನಿನ ಕಂತಿಗೆ ಹೋಯಿತೋ, ಗೆಳೆಯನ ಸಾಲದ ಜಾಮೀನಿಗೆ ಹೋಯಿತೋ ಯಾರೂ ಕೇಳುವುದಿಲ್ಲ. ಆದರೆ ಲೂಕ 16ರಲ್ಲಿ ಧಣಿ ತನ್ನ ಮನೆವಾರ್ತೆಯವನನ್ನು ಕರೆದು ಕೇಳುವುದು ಪೂರ್ತಿ ಲೆಕ್ಕವನ್ನು. ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದು ಎಂದು 24ನೇ ಕೀರ್ತನೆ ಹೇಳಿದ ಮೇಲೆ, 18,000 ಸಂಬಳದಲ್ಲಿ 1,800 ದೇವರಿಗೆ, 16,200 ನನ್ನ ಇಷ್ಟಕ್ಕೆ ಎಂಬ ಎಣಿಕೆ ನಿಲ್ಲುವುದಿಲ್ಲ.

ಇದು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಮೊದಲ ಕೆಲಸ ಹಿಡಿದವರನ್ನು ನೆನಪಿನಲ್ಲಿಟ್ಟು ಬರೆದದ್ದು: ಖಾಸಗಿ ಆಸ್ಪತ್ರೆಯ ನರ್ಸ್, ಖಾಸಗಿ ಶಾಲೆಯ ಟೀಚರ್, ಶೋರೂಮಿನ ಹುಡುಗ, ಗ್ಯಾರೇಜ್ ಇಟ್ಟವನು, ಅಪ್ಪನ ಜೊತೆ ಮೆಕ್ಕೆಜೋಳವನ್ನೋ ಅಡಿಕೆಯನ್ನೋ ನೋಡಿಕೊಳ್ಳುವವನು. ತಿಂಗಳಿಗೆ ಲಕ್ಷ ಎಣಿಸುವ ಬೆಂಗಳೂರಿನವರಿಗೆ ಬರೆದ ಸಲಹೆಗಳು ಇಲ್ಲಿಗೆ ಅರ್ಧಕ್ಕರ್ಧ ಹೊಂದುವುದಿಲ್ಲ.

ಹೆಜ್ಜೆ 1: ಸಂಬಳದ ಚೀಟಿ ಓದಿ

ಸೇರುವಾಗ ಹೇಳಿದ ಮೊತ್ತ, ಚೀಟಿಯಲ್ಲಿರುವ ಒಟ್ಟು ಸಂಬಳ, ಕೈಗೆ ಬರುವ ಸಂಬಳ, ಮೂರೂ ಬೇರೆ ಬೇರೆ. ಕೊನೆಯವರೆಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್, ಪಿಜಿಯಲ್ಲಿ ವಾಸ. ಒಟ್ಟು ಸಂಬಳ 19,600, ಅದರಲ್ಲಿ ಮೂಲ ವೇತನ 12,000. ಮೂಲ ವೇತನದ ಶೇ 12 ಪಿಎಫ್‌ಗೆ (ನಿವೃತ್ತಿಗೆಂದು ಕೂಡಿಡುವ ಭವಿಷ್ಯ ನಿಧಿ), ಅಂದರೆ 1,440. ಒಟ್ಟು ಸಂಬಳದ ಶೇ 0.75 ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ), ಅಂದರೆ 147. ಕೈಗೆ 18,013. ಸಂಬಳ 25,000 ಮುಟ್ಟಿದರೆ ತಿಂಗಳಿಗೆ 200 ರೂಪಾಯಿ (ಫೆಬ್ರವರಿಯಲ್ಲಿ 300) ವೃತ್ತಿ ತೆರಿಗೆಯೂ ಕಡಿತವಾಗುತ್ತದೆ, ಇವಳಿಗೆ ಅದಿಲ್ಲ.

ಆಸ್ಪತ್ರೆಯವರೂ ತಮ್ಮ ಕಡೆಯಿಂದ 1,440 ಕಟ್ಟಬೇಕು. ಅದರಲ್ಲಿ ಮೂಲ ವೇತನದ ಶೇ 8.33, ಸುಮಾರು 1,000, ಪಿಂಚಣಿ ಖಾತೆಗೆ ಹೋಗುತ್ತದೆ. ಉಳಿದ 440 ಪಿಎಫ್‌ಗೆ ಸೇರುತ್ತದೆ. ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಕೇಳಿ ಪಡೆಯಿರಿ, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ತಿಂಗಳು ತಿಂಗಳು ಹಣ ಬಿದ್ದಿದೆಯೇ ನೋಡಿ. ಸಂಬಳದಿಂದ ಹಿಡಿದು ಖಾತೆಗೆ ಕಟ್ಟದ ಧಣಿಗಳು ಇಲ್ಲದಿಲ್ಲ. ಕೂಲಿಯವರ ಸಂಬಳ ಹಿಡಿದಿಟ್ಟವರ ಬಗ್ಗೆ ಯಾಕೋಬನ ಪತ್ರದ 5ನೇ ಅಧ್ಯಾಯ ಎಷ್ಟು ಖಾರವಾಗಿದೆಯೆಂದರೆ, ಇದನ್ನು ವಿಚಾರಿಸುವುದು ಜಗಳಗಂಟಿತನ ಎಂದು ಯಾರೂ ಹೇಳುವಂತಿಲ್ಲ. ಮೊದಲು ಅಕೌಂಟ್ಸ್ ವಿಭಾಗದಲ್ಲಿ ಕೇಳಿ, ಎರಡು ತಿಂಗಳಾದರೂ ಸರಿಹೋಗದಿದ್ದರೆ ಪಿಎಫ್ ಇಲಾಖೆಯ ದೂರು ಪೋರ್ಟಲ್‌ನಲ್ಲಿ ದಾಖಲಿಸಿ.

ಕೆಲಸ ಬದಲಿಸಿದಾಗ ಪಿಎಫ್ ಬಿಡಿಸಿಕೊಂಡು ಬೈಕಿಗೋ ಫೋನಿಗೋ ಹಾಕುವುದು ಈ ವಯಸ್ಸಿನ ದೊಡ್ಡ ತಪ್ಪು. ಐದು ವರ್ಷ ತುಂಬುವ ಮುಂಚೆ ತೆಗೆದರೆ ತೆರಿಗೆ ಬೀಳಬಹುದು, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯೂ ತುಂಡಾಗುತ್ತದೆ. ಅದೇ ಯುಎಎನ್ ಅನ್ನು ಹೊಸ ಕಡೆ ಕೊಟ್ಟು ವರ್ಗಾಯಿಸಿಕೊಳ್ಳಿ.

ಹೆಜ್ಜೆ 2: ಒಂದು ತಿಂಗಳು ಬರೀ ಬರೆಯಿರಿ

ಖರ್ಚು ಕಡಿಮೆ ಮಾಡುವ ಗೋಜಿಗೆ ಈಗಲೇ ಹೋಗಬೇಡಿ. ನೂರು ಪುಟದ ನೋಟ್‌ಬುಕ್ ಸಾಕು. ಯುಪಿಐ ಇತಿಹಾಸದಲ್ಲಿ ಅಂಗಡಿಯವನ ಹೆಸರು ಇರುತ್ತದೆ, ಕೊಂಡದ್ದೇನು ಎಂಬುದು ಇರುವುದಿಲ್ಲ. ಹಾಗಾಗಿ ಅವತ್ತಿನದನ್ನು ಅವತ್ತೇ ರಾತ್ರಿ ಬರೆಯಬೇಕು. ಭಾನುವಾರ ಆರಾಧನೆಯಿಂದ ಬಂದ ಮೇಲೆ ಕಾಲು ಗಂಟೆ ಕೂತು ವಾರದ ಮೊತ್ತ ಹಾಕಿ. ತಲೆಬರಹಗಳು ಎಂಟಕ್ಕಿಂತ ಹೆಚ್ಚು ಬೇಡ. ಇಪ್ಪತ್ತೈದು ಕಾಲಂ ಗೀಚಿದವರು ಎರಡನೇ ವಾರಕ್ಕೇ ಪುಸ್ತಕ ಮುಚ್ಚುತ್ತಾರೆ. ಸಂಜೆಯ ಮಂಡಕ್ಕಿ-ಮಿರ್ಚಿ ಯಾರನ್ನೂ ದಿವಾಳಿ ಮಾಡಿದ್ದಿಲ್ಲ. ಸೋರುವುದು ಸಾಮಾನ್ಯವಾಗಿ ಮೂರು ಕಡೆ: ಮರೆತೇಹೋದ ಆ್ಯಪ್ ಚಂದಾ, ಸ್ನೇಹಿತರಿಗೆ ಕೊಟ್ಟು ವಾಪಸ್ ಬಾರದ ಐನೂರು-ಸಾವಿರ, ಮತ್ತು ಆನ್‌ಲೈನಿನಲ್ಲಿ ರಾತ್ರಿ ಹತ್ತರ ಮೇಲೆ ಕೊಂಡ ಬಟ್ಟೆ.

ಹೆಜ್ಜೆ 3: ಸಂಬಳ ಬಿದ್ದ ದಿನವೇ ಪಾಲು ಮಾಡಿ

ನಮ್ಮ ಉದಾಹರಣೆಯ ನರ್ಸ್‌ನ 18,000 ಹೀಗೆ ಹಂಚಬಹುದು:

- ದಶಮಾಂಶ ಮತ್ತು ದಾನ: 1,800
- ಉಳಿತಾಯ: 1,800
- ಮನೆಗೆ: 4,000
- ಪಿಜಿ, ಊಟ ಸೇರಿ: 6,500
- ಓದಿನ ಸಾಲದ ಕಂತು: 1,500
- ಫೋನ್ ಮತ್ತು ಸಣ್ಣ ವಿಮೆಗಳು: 400
- ಬಟ್ಟೆ, ಹಬ್ಬ: 800
- ಮುಯ್ಯಿ: 500
- ಕೈಖರ್ಚು: 700

ಬಸ್ಸಿನ ಸಾಲು ಇಲ್ಲ, ಏಕೆಂದರೆ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಅವಳಿಗೆ ಟಿಕೆಟ್ ಇಲ್ಲ. ಹುಡುಗರು ಬಸ್ ಪಾಸಿಗೋ ಪೆಟ್ರೋಲಿಗೋ ಸಾವಿರ-ಸಾವಿರದೈನೂರು ಎತ್ತಿಡಬೇಕು. ಅದು ಬರಬೇಕಾದದ್ದು ಕೈಖರ್ಚು ಮತ್ತು ಬಟ್ಟೆಯಿಂದ, ಉಳಿತಾಯದಿಂದ ಅಲ್ಲ.

ಮುಯ್ಯಿಗೆ ಬೇರೆ ಸಾಲು ಏಕೆ? ಈ ಕಡೆ ಮದುವೆ, ದೀಕ್ಷಾಸ್ನಾನ, ಗೃಹಪ್ರವೇಶ ಎಲ್ಲ ಮೇ ತಿಂಗಳಲ್ಲಿ ಒಟ್ಟೊಟ್ಟಿಗೆ ಬಂದು ನಿಲ್ಲುತ್ತವೆ. ಒಂದೇ ತಿಂಗಳಲ್ಲಿ ನಾಲ್ಕು ಕವರ್ ಹಾಕುವಾಗ ಕೈಗಡ ಮಾಡುವವರೇ ಹೆಚ್ಚು. ವರ್ಷಕ್ಕೆ 6,000 ಮೊದಲೇ ಕೂಡಿದ್ದರೆ ಆ ಕಷ್ಟ ಇಲ್ಲ. ಬಟ್ಟೆ-ಹಬ್ಬದ 800 ಕೂಡ ಹಾಗೆಯೇ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗುವವರಿಗೆ ಅದರ ಖರ್ಚು, ಡಿಸೆಂಬರಿಗೆ ಕ್ರಿಸ್‌ಮಸ್ ಬಟ್ಟೆ ಎಲ್ಲ ಇದರಲ್ಲೇ ಬರಬೇಕು.

ಇದನ್ನು ಕಾಗದದ ಮೇಲೆ ಮಾಡಿಟ್ಟರೆ ಸಾಲದು. ಎರಡು ಖಾತೆ ಬೇಕು. ಸಂಬಳ ಬೀಳುವ ಖಾತೆಗೆ ಯುಪಿಐ ಜೋಡಿಸಬೇಡಿ. ಇನ್ನೊಂದು ಶೂನ್ಯ ಶಿಲ್ಕಿನ ಖಾತೆ ತೆರೆದು ಅದಕ್ಕೆ ಮಾತ್ರ ಯುಪಿಐ ಇಟ್ಟು, ಪಿಜಿ ಬಾಡಿಗೆ ಕಟ್ಟಿದ ಮೇಲೆ ತಿಂಗಳ ಖರ್ಚಿನ ಮೊತ್ತವನ್ನು ನಾಲ್ಕು ಭಾಗ ಮಾಡಿ ವಾರಕ್ಕೊಮ್ಮೆ ಹಾಕಿಕೊಳ್ಳಿ. ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮತ್ತು ಸಾಲದ ಕಂತು ಸಂಬಳದ ಖಾತೆಯಿಂದ ತಾನಾಗಿ ಹೋಗಲಿ. ತಾರೀಖು ಸಂಬಳ ಬೀಳುವ ದಿನ ಕಳೆದು ಎರಡು-ಮೂರು ದಿನಕ್ಕೆ ಇರಲಿ. ಸಂಬಳ ತಡವಾದಾಗ ಕಂತು ಪುಟಿದು ಬಂದರೆ ಬ್ಯಾಂಕೂ ಸಾಲ ಕೊಟ್ಟವರೂ ಇಬ್ಬರೂ ದಂಡ ಹಾಕುತ್ತಾರೆ.

ಮನೆಗೆ ಕಳಿಸುವ ಹಣದ ವಿಷಯ ಸೂಕ್ಷ್ಮ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಳ್ಳಿಬಿಟ್ಟವನು ಎನ್ನುತ್ತದೆ 1 ತಿಮೊಥೆಯ 5:8. ದೇವರಿಗೆ ಮೀಸಲು ಎಂದು ನೆಪ ಹೇಳಿ ತಂದೆತಾಯಿಯ ಪಾಲು ತಪ್ಪಿಸಿದವರನ್ನು ಯೇಸು ಮಾರ್ಕ 7ರಲ್ಲಿ ಗದರಿಸಿದ್ದಾನೆ. ಆದ್ದರಿಂದ ಈ ಸಾಲು ಖಾಲಿ ಬಿಡುವಂತಿಲ್ಲ. ಇನ್ನೊಂದು ಕಡೆ, ಮಗಳ ಪೂರ್ತಿ ಸಂಬಳ ಅಪ್ಪನ ಕೈಗೇ ಹೋಗಿ, ಅವಳು ನೂರಿನ್ನೂರಕ್ಕೂ ಕೇಳುವ ಮನೆಗಳೂ ಇವೆ. ಹಾಗಾದರೆ ಅವಳು ಲೆಕ್ಕ ಕಲಿಯುವುದು ಎಂದು? ಮೊತ್ತ ಗೊತ್ತುಮಾಡಿ, ತಾರೀಖು ತಪ್ಪಿಸದೆ ಕಳಿಸಿದರೆ ನಂಬಿಕೆ ಹುಟ್ಟುತ್ತದೆ. ಕಾಗದ ಮುಂದಿಟ್ಟು, "ಅಪ್ಪಾ, 4,000 ಪ್ರತಿ ತಿಂಗಳು ಎರಡನೇ ತಾರೀಖಿಗೆ ಬರುತ್ತೆ. ಬೀಜ-ಗೊಬ್ಬರಕ್ಕೆ ಜಾಸ್ತಿ ಬೇಕಾದ್ರೆ ಒಂದು ತಿಂಗಳು ಮೊದ್ಲೇ ಹೇಳ್ರಿ" ಎಂದರೆ ಒಪ್ಪದ ಅಪ್ಪಂದಿರು ಕಡಿಮೆ.

ಹೆಜ್ಜೆ 4: ದಶಮಾಂಶ, ಕಾಣಿಕೆ, ಮತ್ತು ಅಲ್ಲಿ ಆಗುವ ಎಡವಟ್ಟುಗಳು

ಮೊದಲ ಪ್ರಶ್ನೆ, ಯಾವ ಮೊತ್ತದ ಮೇಲೆ? ಕೈಗೆ ಬಂದದ್ದರ ಮೇಲೆ ಕೊಟ್ಟರೆ 1,800, ಒಟ್ಟು ಸಂಬಳದ ಮೇಲೆ ಕೊಟ್ಟರೆ 1,960. ಎರಡಕ್ಕೂ ವಾದ ಇದೆ. ಒಂದನ್ನು ಆರಿಸಿ, ಅದನ್ನೇ ನಡೆಸಿ. ಕೈಗೆ ಬಂದದ್ದರ ಮೇಲೆ ಕೊಡುವವರು ಮುಂದೊಂದು ದಿನ ಪಿಎಫ್ ಕೈಗೆ ಬಂದಾಗ ಅದರ ದಶಮಾಂಶ ಎತ್ತಿಡಬೇಕು. ಒಟ್ಟು ಸಂಬಳದ ಮೇಲೆ ಕೊಟ್ಟವರು ಪಿಎಫ್‌ನಲ್ಲಿ ತಾವು ಕಟ್ಟಿದ ಪಾಲಿಗೆ ಮತ್ತೆ ಕೊಡಬೇಕಿಲ್ಲ.

ಸಭೆ ಸಭೆಗೆ ಪದ್ಧತಿ ಬೇರೆ. ಕಥೋಲಿಕ ಸಭೆಯಲ್ಲಿ ಹತ್ತರಲ್ಲೊಂದು ಎಂಬ ಕಟ್ಟಳೆ ಇಲ್ಲ, ಸಭೆಯ ಅಗತ್ಯಗಳಿಗೆ ಶಕ್ತ್ಯಾನುಸಾರ ನೆರವಾಗಬೇಕು ಎಂಬುದಷ್ಟೇ ನಿಯಮ. ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ತಿಂಗಳ ಚಂದಾ, ಭಾನುವಾರದ ಕಾಣಿಕೆ, ಕೃತಜ್ಞತಾ ಕಾಣಿಕೆ ಬೇರೆ ಬೇರೆ. ಪೆಂಟೆಕೋಸ್ತ್ ಸಭೆಗಳಲ್ಲಿ ಮಲಾಕಿಯ 3:10 ಹಿಡಿದು ಹತ್ತರಲ್ಲೊಂದನ್ನು ಬಿಗಿಯಾಗಿ ಹೇಳುತ್ತಾರೆ. ಎಲ್ಲರಿಗೂ ಹೊಂದುವ ಕ್ರಮ 1 ಕೊರಿಂಥ 16:2ರಲ್ಲಿದೆ: ಕ್ರಮವಾಗಿ, ಸಂಪಾದನೆಗೆ ತಕ್ಕಂತೆ, ಮೊದಲೇ ತೆಗೆದಿಡುವುದು. ತಿಂಗಳ ಕೊನೆಗೆ ಉಳಿದದ್ದನ್ನು ಕೊಡುತ್ತೇನೆ ಎಂದವರಿಗೆ ಉಳಿಯುವುದಿಲ್ಲ, ಅಷ್ಟೇ.

1,800ನ್ನು ಒಂದೇ ಕಡೆ ಹಾಕಬೇಕೆಂದೂ ಇಲ್ಲ. ಧರ್ಮೋಪದೇಶಕಾಂಡ 14ರಲ್ಲಿ ಮೂರು ವರ್ಷಕ್ಕೊಮ್ಮೆಯ ದಶಮಾಂಶ ಲೇವಿಯರ ಜೊತೆ ಪರದೇಶಿ, ಅನಾಥ, ವಿಧವೆಯರಿಗೂ ಸಲ್ಲುತ್ತದೆ. 1,400 ಸಭೆಗೆ ಕೊಟ್ಟು, 400ನ್ನು ಬೇರೆ ಕವರಿನಲ್ಲಿಟ್ಟರೆ, ವಾರ್ಡಿನಲ್ಲಿ ಔಷಧಿಗೆ ಪರದಾಡುವ ರೋಗಿ ಎದುರಾದಾಗ ಜೇಬು ತಡಕಬೇಕಿಲ್ಲ. ಹತ್ತರಲ್ಲೊಂದು ಪೂರ್ತಿ ಸಭೆಗೇ ಸೇರಬೇಕು ಎಂದು ಕಲಿಸುವ ಸಭೆಯವರಾದರೆ ಈ 400 ಅದರ ಮೇಲಿನದಾಗಲಿ.

ಸುಗ್ಗಿ ಹಬ್ಬದಲ್ಲಿ ಸಭೆಗೆ ಬಂದ ಬೆಳೆಯ ಕಾಣಿಕೆಗಳನ್ನು ಕೂಗಿ ಮಾರುವ ಹರಾಜಿನಲ್ಲಿ ಯುವಕರು ಎಡವುವುದು ಹೀಗೆ: ಹುರುಪಿನಲ್ಲಿ ಒಂದು ಕುಂಬಳಕಾಯಿಗೆ 2,500 ಕೂಗಿ, ಚಪ್ಪಾಳೆ ಗಿಟ್ಟಿಸಿ, ಆರು ತಿಂಗಳಾದರೂ ಕಟ್ಟದೆ, ಕೊನೆಗೆ ಖಜಾಂಚಿಯನ್ನು ಕಂಡರೆ ಹಿಂಬಾಗಿಲಿನಿಂದ ಹೊರಡುವುದು. ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದು ಲೇಸು ಎಂದು ಪ್ರಸಂಗಿ 5 ಹೇಳುತ್ತದೆ. ಹರಾಜಿಗೆ ಹೋಗುವ ಮೊದಲೇ ಮಿತಿ ಬರೆದುಕೊಂಡು, ಅಷ್ಟೇ ನೋಟು ಜೇಬಿನಲ್ಲಿಟ್ಟು ಹೋಗಿ.

ಬಿತ್ತನೆ ಕಾಣಿಕೆ ಎಂಬ ಹೆಸರಿನಲ್ಲಿ, ಇಷ್ಟು ಕೊಟ್ಟರೆ ನೂರರಷ್ಟು ವಾಪಸ್, ಸರ್ಕಾರಿ ಕೆಲಸ, ವೀಸಾ ಎಂದು ಆಶ್ವಾಸನೆ ಕೊಡುವ ಸಭೆಗಳಿಂದ ದೂರ ಇರಿ. ಪೌಲನು 2 ಕೊರಿಂಥ 9ರಲ್ಲಿ ಬಿತ್ತುವ ಮಾತು ಆಡಿದ್ದು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ. ಅದನ್ನು ಲಾಟರಿಯಂತೆ ಓದುವುದಕ್ಕೆ ಆಧಾರವಿಲ್ಲ. ಅದೇ ಪತ್ರದ 8ನೇ ಅಧ್ಯಾಯದಲ್ಲಿ, ಆ ಹಣ ಸಾಗಿಸುವಾಗ ಯಾರೂ ತಪ್ಪು ಹೊರಿಸದಂತೆ ಸಹಚರರನ್ನು ಜೊತೆಗಿಟ್ಟುಕೊಂಡು ಎಚ್ಚರ ವಹಿಸಿದ್ದನ್ನೂ ಹೇಳಿದ್ದಾನೆ. ನಿಮ್ಮ ಸಭೆ ವರ್ಷಕ್ಕೊಮ್ಮೆ ಲೆಕ್ಕ ಓದುತ್ತದೆಯೇ, ರಸೀದಿ ಕೊಡುತ್ತದೆಯೇ ಎಂದು ಕೇಳುವುದು ಅವಿಶ್ವಾಸದ ಲಕ್ಷಣವಲ್ಲ. ಯುಪಿಐನಲ್ಲಿ ಕಳಿಸುವಾಗ ಖಾತೆ ಸಭೆಯ ಹೆಸರಿನಲ್ಲಿದೆಯೋ, ಯಾರದೋ ಸ್ವಂತ ಹೆಸರಿನಲ್ಲಿದೆಯೋ ನೋಡಿ.

ಸಾಲ ಮಾಡಿ ದಶಮಾಂಶ ಕೊಡಬೇಡಿ. ಸಾಲದಲ್ಲಿದ್ದೇನೆಂದು ಪೂರ್ತಿ ನಿಲ್ಲಿಸಲೂ ಬೇಡಿ, 200 ಆದರೂ ನಡೆಯಲಿ, ವಿಧವೆಯ ಎರಡು ಕಾಸಿನ ಕಥೆ ಗೊತ್ತಿರುವುದೇ. ಸಭೆಗೆ ಕೊಟ್ಟ ಕಾಣಿಕೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಈ ಸಂಬಳದಲ್ಲಿ ತೆರಿಗೆಯೇ ಬರದ ಕಾರಣ ಅದರ ಚಿಂತೆಯೂ ಬೇಡ.

ತಿಂಗಳ ಸಂಬಳ ಇಲ್ಲದವರಿಗೆ

ಹೊಲ, ಅಂಗಡಿ, ಆಟೋ, ಗ್ಯಾರೇಜ್ ಇರುವವರು ಮಾರಾಟದ ಮೇಲಲ್ಲ, ಲಾಭದ ಮೇಲೆ ಲೆಕ್ಕ ಹಾಕಬೇಕು. ಮೆಕ್ಕೆಜೋಳ ಎಪಿಎಂಸಿಯಲ್ಲಿ 1,20,000ಕ್ಕೆ ಹೋಯಿತು ಅನ್ನಿ. ಬೀಜ, ಗೊಬ್ಬರ, ಕಳೆ, ಕಟಾವು, ಲಾರಿ, ಹಮಾಲಿ ಎಲ್ಲ ಸೇರಿ 70,000 ಖರ್ಚು. ಲಾಭ 50,000, ದಶಮಾಂಶ 5,000. ಉಳಿದ 45,000ನ್ನು ಮುಂದಿನ ಬೆಳೆ ಬರುವ ತಿಂಗಳವರೆಗೆ ಎಣಿಸಿ ಭಾಗ ಮಾಡಿ. ಒಂಬತ್ತು ತಿಂಗಳಾದರೆ ತಿಂಗಳಿಗೆ 5,000. ಅದೇ ನಿಮ್ಮ ಸಂಬಳ. ಮುಂದಿನ ಬಿತ್ತನೆಯ ಬಂಡವಾಳ, ಅಂದರೆ ಆ 70,000, ಬೇರೆ ಖಾತೆಯಲ್ಲಿ ಕೂತಿರಲಿ. ಚಳ್ಳಕೆರೆ ಕಡೆ ಶೇಂಗಾ ಬೆಳೆಯುವವರು ಮಳೆಯನ್ನೇ ನಂಬಿದ್ದರೆ ಒಂದು ಬೆಳೆ ಹೋದರೂ ತಾಳುವಷ್ಟು ಎತ್ತಿಡಬೇಕು. ಬಂಡವಾಳ ಉಂಡವರು ಜೂನ್‌ನಲ್ಲಿ ಬಡ್ಡಿಗೆ ಕೈಯೊಡ್ಡುತ್ತಾರೆ.

ಹೆಜ್ಜೆ 5: ಆಪತ್ತಿನ ಹಣ

ಮೊದಲ ಗುರಿ 10,000. ತಿಂಗಳಿಗೆ 1,800ರಂತೆ ಆರು ತಿಂಗಳು ಸಾಕು. ಆಮೇಲೆ, ದುಬಾರಿ ಸಾಲ ಇಲ್ಲದಿದ್ದರೆ, ಮೂರು ತಿಂಗಳ ಅನಿವಾರ್ಯ ಖರ್ಚು. ನಮ್ಮ ನರ್ಸ್‌ಗೆ ಪಿಜಿ 6,500, ಮನೆಗೆ 4,000, ಸಾಲದ ಕಂತು 1,500, ಫೋನ್-ವಿಮೆ 400, ಒಟ್ಟು 12,400. ಮೂರು ತಿಂಗಳಿಗೆ 37,200. ಮೊದಲಿನಿಂದ ಎಣಿಸಿದರೆ ಸುಮಾರು 21 ತಿಂಗಳು ಹಿಡಿಯುತ್ತದೆ. ನಿಧಾನ ಅನ್ನಿಸಿದರೂ ಸರಿ, ಸ್ವಲ್ಪ ಸ್ವಲ್ಪವಾಗಿ ಕೂಡಿಸಿದವನಿಗೇ ಬೆಳೆಯುತ್ತದೆ ಎಂದು ಜ್ಞಾನೋಕ್ತಿ 13:11.

10,000 ಉಳಿತಾಯ ಖಾತೆಯಲ್ಲೇ ಇರಲಿ, ಉಳಿದದ್ದು 12 ತಿಂಗಳ ಬ್ಯಾಂಕ್ ಆರ್‌ಡಿ, ಆಮೇಲೆ ಎಫ್‌ಡಿ (ಒಂದೇ ಸಲ ಇಡುವ ನಿಶ್ಚಿತ ಠೇವಣಿ). ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಆಪತ್ತಿನ ಹಣಕ್ಕೆ ಅದು ಹೊಂದುವುದಿಲ್ಲ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ನಮ್ಮ ಎರಡೂ ಊರುಗಳಲ್ಲಿ ಇಂಥವಕ್ಕೆ ಬರವಿಲ್ಲ, ಬೋರ್ಡು ನೋಡಿದರೆ ಬ್ಯಾಂಕಿನಂತೆಯೇ ಕಾಣುತ್ತವೆ. ಶೇ 1 ಬಡ್ಡಿ ಹೆಚ್ಚು ಎಂದು ಆಪತ್ತಿನ ಹಣವನ್ನು ಅಲ್ಲಿಡಬೇಡಿ.

ಹೆಜ್ಜೆ 6: ಸಾಲ

ಸಾಲಗಾರ ಸಾಲ ಕೊಟ್ಟವನ ಆಳು ಎಂದು ಜ್ಞಾನೋಕ್ತಿ 22:7 ಹೇಳುವುದು ಪಾಪದ ಮಾತಾಗಿ ಅಲ್ಲ, ಪರಿಸ್ಥಿತಿಯ ವಿವರವಾಗಿ. ಎಲ್ಲ ಸಾಲವೂ ಒಂದೇ ಅಲ್ಲ, ಹಾಗಾಗಿ ಇರುವ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ, ಅಸಲು ಎಷ್ಟು, ವರ್ಷಕ್ಕೆ ಬಡ್ಡಿ ಎಷ್ಟು, ಕಂತು ಎಷ್ಟು.

ಊರ ಲೆಕ್ಕದ ಬಡ್ಡಿಯನ್ನು ವರ್ಷಕ್ಕೆ ತಿರುಗಿಸಿ ಬರೆಯುವುದು ಮುಖ್ಯ. ನೂರಕ್ಕೆ ಮೂರು ರೂಪಾಯಿ ಎಂದರೆ ಕಿವಿಗೆ ಹಗುರ, ವರ್ಷಕ್ಕೆ ಅದು ಶೇ 36. ಹಾಗೆ ತಂದ 30,000ಕ್ಕೆ ತಿಂಗಳಿಗೆ 900, ವರ್ಷಕ್ಕೆ 10,800 ಕಟ್ಟಿದರೂ ಅಸಲು 30,000 ಹಾಗೇ ನಿಂತಿರುತ್ತದೆ. ಅದೇ ಹಣ ಬ್ಯಾಂಕಿನಲ್ಲಿ ಚಿನ್ನದ ಮೇಲೆ ಶೇ 10ಕ್ಕೆ ಸಿಕ್ಕರೆ ವರ್ಷದ ಬಡ್ಡಿ 3,000. ಅಮ್ಮನ ಸರ ಒತ್ತೆ ಇಡುವುದು ಅವಮಾನ, ಬಡ್ಡಿಯವನ ಹತ್ತಿರ ಹೋಗುವುದು ಗುಟ್ಟು ಎಂಬ ಎಣಿಕೆಯಿಂದ ವರ್ಷಕ್ಕೆ 7,800 ಕಳೆದುಕೊಳ್ಳುವವರಿದ್ದಾರೆ.

ಕ್ರೆಡಿಟ್ ಕಾರ್ಡ್ ಕೂಡ ಇದೇ ಜಾತಿ. 40,000 ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿ 1,400, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 252. ನೀವು 2,000 ಕಟ್ಟಿದರೆ ಅಸಲಿಗೆ ಸೇರುವುದು 348 ಮಾತ್ರ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಪೂರ್ತಿ ಕಟ್ಟಲು ಆಗದವರು ಕಾರ್ಡ್ ಇಟ್ಟುಕೊಳ್ಳಬಾರದು.

ತೀರಿಸುವ ಕ್ರಮ ಹೀಗೆ. ಎಲ್ಲಕ್ಕೂ ಕನಿಷ್ಠ ಕಂತು ಕಟ್ಟುತ್ತಾ, 10,000 ಆಪತ್ತಿನ ಹಣ ಕೂಡಿದ ಮೇಲೆ ಉಳಿತಾಯದ 1,800 ಪೂರ್ತಿ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹೋಗಲಿ. ಅದು ಮುಗಿದರೆ ಅದರ ಕಂತೂ ಸೇರಿ ಮುಂದಿನದಕ್ಕೆ. ಓದಿನ ಸಾಲ ಸಾಮಾನ್ಯವಾಗಿ ಕಡಿಮೆ ಬಡ್ಡಿಯದು, ಕೊನೆಗೆ ಬರಲಿ. ಆದರೆ ಓದುವ ಕಾಲದಲ್ಲೂ ಅದರ ಬಡ್ಡಿ ಬೆಳೆಯುತ್ತಿರುತ್ತದೆ ಎಂಬುದು ನೆನಪಿರಲಿ. ಅಲ್ಪಸಂಖ್ಯಾತರಿಗಿರುವ ಸರ್ಕಾರದ ಅರಿವು ಸಾಲ ಪಡೆದವರಲ್ಲಿ ಅನೇಕರು ಅದನ್ನು ಸಹಾಯಧನ ಎಂದೇ ತಿಳಿದಿದ್ದಾರೆ. ಅದು ಸಾಲ, ತೀರಿಸಬೇಕು.

ಸಂಘದ ಸಾಲ ಅಮ್ಮನ ಹೆಸರಿನಲ್ಲಿದ್ದರೂ ಮನೆಯದೇ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಇಂಥ ಮನೆಗಳ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಮೀರಿದ್ದರೆ ಇನ್ನೊಂದು ಸಂಘಕ್ಕೆ ಸೇರಿಸಲು ಬಿಡಬೇಡಿ. ವಸೂಲಿಗೆ ಬಂದವರು ಬೆದರಿಸಿದರೆ, ಮನೆ ಮುಂದೆ ಕೂತರೆ, 2025ರಲ್ಲಿ ರಾಜ್ಯ ತಂದ ಕಿರುಸಾಲ ದೌರ್ಜನ್ಯ ತಡೆ ಕಾನೂನಿನಡಿ ಪೊಲೀಸ್ ಠಾಣೆಗೆ ಹೋಗಬಹುದು. ಸಾಲದ ಆ್ಯಪ್‌ನವರು ಫೋಟೋ ತಿರುಚಿ ಬೆದರಿಸಿದರೆ 1930ಕ್ಕೆ ಕರೆ ಮಾಡಿ.

ಜಾಮೀನು: ಬೇಡ

ಇದಕ್ಕೆ ಬೇರೆ ತಲೆಬರಹವೇ ಬೇಕು, ಏಕೆಂದರೆ ಸಭೆಯ ಹುಡುಗರು ಮುಳುಗುವುದು ಹೆಚ್ಚಾಗಿ ಇಲ್ಲೇ. ಬೈಬಲ್ ಓದುವ ಹುಡುಗ, ಒಳ್ಳೆಯವನು, ಇಲ್ಲ ಅನ್ನುವುದಿಲ್ಲ ಎಂಬ ಹೆಸರೇ ಅವನಿಗೆ ಮುಳುವಾಗುತ್ತದೆ. ಆದರೆ ಜ್ಞಾನೋಕ್ತಿ 6:1ರಿಂದ 5ರವರೆಗೆ ಓದಿದರೆ, ಜಾಮೀನು ನಿಂತಿದ್ದರೆ ನಿದ್ದೆ ಮಾಡದೆ ಹೋಗಿ ಬಿಡಿಸಿಕೋ ಎಂದಿದೆ.

ಭಾರತೀಯ ಕರಾರು ಕಾಯ್ದೆ 1872ರ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನನ್ನು ಕೇಳಿ ಎನ್ನುವಂತಿಲ್ಲ. ಸಾಲ ನಿಮ್ಮ ಸಿಬಿಲ್ ವರದಿಯಲ್ಲೂ, ಅಂದರೆ ಬ್ಯಾಂಕುಗಳು ನೋಡುವ ಸಾಲದ ಇತಿಹಾಸದಲ್ಲೂ, ಕಾಣುತ್ತದೆ. ಅವನು ಕಂತು ತಪ್ಪಿಸಿದರೆ ನಾಳೆ ನಿಮ್ಮ ಮನೆ ಸಾಲಕ್ಕೆ ತೊಡಕು. ನಿಮ್ಮ ಆಧಾರ್, ಪ್ಯಾನ್ ಕೊಟ್ಟು ನಿಮ್ಮ ಹೆಸರಿನಲ್ಲೇ ಅವನಿಗೆ ಫೋನ್ ಕೊಡಿಸುವುದು ಜಾಮೀನಿಗಿಂತ ಕೆಟ್ಟದ್ದು, ಅಲ್ಲಿ ಕಾಗದದ ಮೇಲೆ ಸಾಲಗಾರ ನೀವೇ.

ಇಲ್ಲ ಎನ್ನುವ ಮಾತು ಮೊದಲೇ ಬಾಯಲ್ಲಿರಲಿ. "ಅಣ್ಣಾ, ಯಾರಿಗೂ ಸಹಿ ಹಾಕಬಾರದು ಅಂತ ಮನೇಲಿ ತೀರ್ಮಾನ ಆಗಿದೆ. ಇದು 1,000, ವಾಪಸ್ ಬೇಡ." ಇಷ್ಟೇ, ವಿವರಣೆಗೆ ಇಳಿಯಬೇಡಿ, ಇಳಿದರೆ ಅವರು ವಾದಕ್ಕೆ ಕೂರುತ್ತಾರೆ. ಕೊಡುವ ಹಣ ದಾನದ ಕವರಿನಿಂದ ಬರಲಿ. ವಾಪಸ್ ಬರುತ್ತದೆಂದು ಲೆಕ್ಕ ಹಾಕಿ ಕೊಟ್ಟ ಕೈಗಡ ಸ್ನೇಹವನ್ನೂ ತಿನ್ನುತ್ತದೆ.

ಆಗಲೇ ಸಹಿ ಹಾಕಿದ್ದರೆ ಬ್ಯಾಂಕಿಗೆ ಹೋಗಿ ಬಾಕಿ ಎಷ್ಟು, ಕಂತು ಸರಿಯಾಗಿ ಬರುತ್ತಿದೆಯೇ ವಿಚಾರಿಸಿ. ಬದಲಿ ಜಾಮೀನುದಾರನನ್ನೋ ಚಿನ್ನದ ಭದ್ರತೆಯನ್ನೋ ಕೊಡಲು ಸಾಲಗಾರನಿಗೆ ಹೇಳಿ, ನಿಮ್ಮನ್ನು ಬಿಡುಗಡೆ ಮಾಡಿದ ಪತ್ರ ಬ್ಯಾಂಕಿನಿಂದಲೇ ಬರಬೇಕು. ಬಾಯಿಮಾತು ನಡೆಯುವುದಿಲ್ಲ.

ಚೀಟಿ ಹಾಕಬಹುದೇ?

ನೋಂದಣಿಯಾದ ಚೀಟಿ ಕಾನೂನುಬದ್ಧ. ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಕೂಡ ನಡೆಸುತ್ತದೆ. 20 ಜನ, ತಿಂಗಳಿಗೆ 5,000, 20 ತಿಂಗಳು, ಒಂದು ಲಕ್ಷದ ಚೀಟಿ ಎಂದುಕೊಳ್ಳಿ. ಮೂರನೇ ತಿಂಗಳು ಒಬ್ಬ 30,000 ಬಿಟ್ಟು ಎತ್ತಿದರೆ ಅವನಿಗೆ 70,000. ಬಿಟ್ಟದ್ದರಲ್ಲಿ ನಡೆಸುವವರ ಕಮಿಷನ್ 5,000 ಹೋದರೆ, ಉಳಿದ 25,000ದಲ್ಲಿ ತಲೆಗೆ 1,250 ಲಾಭಾಂಶ. ಮೊದಮೊದಲು ಎತ್ತುವವನಿಗೆ ಇದು ದುಬಾರಿ ಸಾಲ, ಕೊನೆಗೆ ಎತ್ತುವವನಿಗೆ ಉಳಿತಾಯ. ಆಪತ್ತಿನ ಹಣ ಇಲ್ಲದವನು ಚೀಟಿ ಹಾಕಿದರೆ ಮೊದಲೇ ಎತ್ತಬೇಕಾಗುತ್ತದೆ. ಓಣಿಯ ಅಕ್ಕ, ಸಭೆಯ ಅಂಕಲ್ ನೋಂದಣಿ ಇಲ್ಲದೆ ನಡೆಸುವ ಚೀಟಿ ಬೇಡವೇ ಬೇಡ. ಅವರು ಪ್ರಾಮಾಣಿಕರೇ ಇರಬಹುದು, ಆದರೆ ಎತ್ತಿದವನೊಬ್ಬ ಊರು ಬಿಟ್ಟರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಸಭೆಯ ಪರಿಚಯದ ಮೇಲೆ ಬರುವ ಎಲ್ಲ ಹೂಡಿಕೆಗೂ ಇದೇ ಮಾತು. ಪ್ರಾರ್ಥನಾ ಕೂಟ ಮುಗಿದ ಮೇಲೆ ತಿಂಗಳಿಗೆ ನೂರಕ್ಕೆ ಐದು ಲಾಭ ಎಂದವರನ್ನು, ಇಬ್ಬರನ್ನು ಸೇರಿಸಿದರೆ ಕಮಿಷನ್ ಎಂದವರನ್ನು ಅಲ್ಲಿಗೇ ನಿಲ್ಲಿಸಿ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಸಂಸ್ಥೆಯ ಹೆಸರನ್ನು ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ಹುಡುಕಿ ನೋಡಬಹುದು.

ಹೆಜ್ಜೆ 7: ವಿಮೆ, ಆಮೇಲೆ ಹೂಡಿಕೆ

ಸಂಬಳ 21,000 ಒಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ನಿಮಗೂ ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಇದೆ, ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ಕಾರ್ಡಿನಲ್ಲಿ ಅವರ ಹೆಸರು ಸೇರಿಸಿದ್ದೀರಾ ನೋಡಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436ರ ಜೀವನ್ ಜ್ಯೋತಿ ಬಿಮಾ ಮಾಡಿಸಿ. ಮೊದಲನೆಯದು ಅಪಘಾತಕ್ಕೆ, ಎರಡನೆಯದು ಯಾವ ಕಾರಣದ ಸಾವಿಗೂ, ಎರಡರಲ್ಲೂ 2 ಲಕ್ಷ. ಎರಡೂ ಮೇ ಕೊನೆಯಲ್ಲಿ ತಾನಾಗಿ ನವೀಕರಣವಾಗುತ್ತವೆ, ಆಗ ಖಾತೆಯಲ್ಲಿ ಹಣವಿಲ್ಲದೆ ನಿಂತುಹೋದ ಪಾಲಿಸಿಗಳೇ ಹೆಚ್ಚು.

ನಂಟರ ಪೈಕಿ ಏಜೆಂಟ್ ಇದ್ದಾರೆಂದು ವರ್ಷಕ್ಕೆ 24,000 ಕಂತಿನ ಉಳಿತಾಯ ಪಾಲಿಸಿ ತೆಗೆದುಕೊಂಡರೆ ಮೂರನೇ ವರ್ಷಕ್ಕೆ ಕೈ ಬಿಡುತ್ತೀರಿ, ಕಟ್ಟಿದ್ದರಲ್ಲಿ ಒಳ್ಳೆಯ ಪಾಲು ಹೋಗುತ್ತದೆ. ನಿಮ್ಮನ್ನು ನಂಬಿ ಬದುಕುವವರಿದ್ದರೆ ಬರೀ ಟರ್ಮ್ ವಿಮೆ (ಉಳಿತಾಯ ಬೆರೆಸದ, ಸಾವಿಗೆ ಮಾತ್ರ ಪರಿಹಾರ ಕೊಡುವ ವಿಮೆ) ಸಾಕು.

ಆಪತ್ತಿನ ಹಣ ತುಂಬಿ, ದುಬಾರಿ ಸಾಲ ತೀರಿದ ಮೇಲೆ 1,800ನ್ನು ಒಡೆದು ಪಿಪಿಎಫ್‌ಗೆ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) 500, ಉಳಿದದ್ದನ್ನು ಇಂಡೆಕ್ಸ್ ಫಂಡಿನ (ಷೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೇ ಹಣ ಹಂಚುವ ಮ್ಯೂಚುವಲ್ ಫಂಡ್) ಎಸ್‌ಐಪಿಗೆ, ಅಂದರೆ ತಿಂಗಳ ಕಂತಿಗೆ, ಹಾಕಬಹುದು. ಪಿಪಿಎಫ್‌ಗೆ 15 ವರ್ಷ ಹಿಡಿತ ಇರುತ್ತದೆ. ಏಳೆಂಟು ಕಡೆ ಹಂಚಿಡು ಎಂಬ ಪ್ರಸಂಗಿ 11:2 ಇಲ್ಲಿಗೂ ಹೊಂದುತ್ತದೆ. ಆದರೆ ಷೇರು ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವ ಫ್ಯೂಚರ್ಸ್-ಆಪ್ಷನ್ಸ್ ಹೂಡಿಕೆಯಲ್ಲ. ಮೂರು ವರ್ಷಗಳಲ್ಲಿ ಅದರಲ್ಲಿ ಇಳಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡರೆಂದು 2024ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಅಧ್ಯಯನವೇ ಹೇಳಿದೆ. ಐಪಿಎಲ್ ಬೆಟ್ಟಿಂಗ್ ಬಗ್ಗೆ ಹೇಳಬೇಕಾದ್ದೇ ಇಲ್ಲ.

ಹೆಜ್ಜೆ 8: ಮದುವೆ ಮತ್ತು ಕಾಗದಪತ್ರ

ನಿಶ್ಚಿತಾರ್ಥಕ್ಕೆ ಮೊದಲು ಇಬ್ಬರೂ ಹೆಜ್ಜೆ 6ರ ಸಾಲದ ಹಾಳೆಯನ್ನು ಒಬ್ಬರಿಗೊಬ್ಬರು ತೋರಿಸಬೇಕು, ಜಾಮೀನುಗಳೂ ಸೇರಿ. ಗೋಪುರ ಕಟ್ಟುವವನು ಕೂತು ಖರ್ಚು ಎಣಿಸುವ ಲೂಕ 14:28ನ್ನು ಮದುವೆಯ ಊಟದ ಪಟ್ಟಿಗೆ ಹಚ್ಚಿ: ಎಲೆ ಎಷ್ಟು, ಎಲೆಗೆ ಎಷ್ಟು, ಹಾಲ್ ಎಷ್ಟು, ಕೈಯಲ್ಲಿ ಎಷ್ಟು. ಕೈಯಲ್ಲಿರುವುದಕ್ಕೆ ತಕ್ಕಂತೆ ಎಲೆ ಕಡಿಮೆ ಮಾಡಬೇಕೇ ಹೊರತು ಮುಯ್ಯಿ ಬರುತ್ತದೆಂದು ಸಾಲ ಎತ್ತಬಾರದು. ವರದಕ್ಷಿಣೆ ತೆಗೆದುಕೊಂಡು ಅದರಲ್ಲಿ ದಶಮಾಂಶ ಕೊಡುವವರಿಗೆ ಈ ಮಾರ್ಗದರ್ಶಿಯಲ್ಲಿ ಉತ್ತರವಿಲ್ಲ.

ಕ್ರೈಸ್ತರ ಆಸ್ತಿ ಹಂಚಿಕೆ ನಡೆಯುವುದು ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ ಪ್ರಕಾರ. ಮದುವೆಯಾಗದ, ಉಯಿಲು ಬರೆಯದ ವ್ಯಕ್ತಿ ತೀರಿಕೊಂಡರೆ, ತಂದೆ ಬದುಕಿದ್ದರೆ ಎಲ್ಲವೂ ತಂದೆಗೆ, ತಾಯಿಗೆ ಏನೂ ಇಲ್ಲ. ತಂದೆ ಇಲ್ಲದಿದ್ದರೆ ತಾಯಿಗೂ ಒಡಹುಟ್ಟಿದವರಿಗೂ ಸಮಪಾಲು. ಕುಡಿದು ಮನೆ ಬಿಟ್ಟುಹೋದ ಅಪ್ಪ, ಮಗಳ ಸಂಬಳ ನಂಬಿದ ಅಮ್ಮ ಇರುವ ಮನೆಯಲ್ಲಿ ಇದರ ಅರ್ಥ ಏನೆಂದು ಯೋಚಿಸಿ. ಬ್ಯಾಂಕ್ ಖಾತೆಗೆ ಅಮ್ಮನನ್ನು ನಾಮಿನಿ ಮಾಡಿದರಷ್ಟೇ ಸಾಲದು. ನಾಮಿನಿ ಹಣ ಪಡೆದು ವಾರಸುದಾರರಿಗೆ ಒಪ್ಪಿಸುವವರು, ತಾವೇ ಒಡೆಯರಲ್ಲ.

ಉಯಿಲು 22ನೇ ವಯಸ್ಸಿಗೆ ತಮಾಷೆಯಂತೆ ಕಂಡರೂ ಒಂದು ಬಿಳಿ ಹಾಳೆಯ ಕೆಲಸ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು, ಮತ್ತು ಆ ಸಾಕ್ಷಿಗಳಿಗೆ ಉಯಿಲಿನಲ್ಲಿ ಏನೂ ಬಿಟ್ಟಿರಬಾರದು, ಬಿಟ್ಟಿದ್ದರೆ ಅಷ್ಟು ಭಾಗ ರದ್ದು. ಸಭೆಗೋ ಅನಾಥಾಶ್ರಮಕ್ಕೋ ಬರೆಯುವುದಕ್ಕೆ ಕ್ರೈಸ್ತರಿಗಿದ್ದ ವಿಶೇಷ ನಿರ್ಬಂಧವನ್ನು, ಅಂದರೆ 118ನೇ ಕಲಮನ್ನು, ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿದೆ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಇದೇ ಕಾಯ್ದೆಯ 69ನೇ ಕಲಮಿನಂತೆ ಮದುವೆಯಾದ ಕೂಡಲೇ ಹಳೆಯ ಉಯಿಲು ತಾನಾಗಿ ರದ್ದಾಗುತ್ತದೆ. ಮದುವೆಗೆ ಮುಂಚೆ ಪಿಎಫ್‌ಗೆ ಕೊಟ್ಟ ನಾಮಿನಿಯೂ ಹಾಗೆಯೇ ಬಿದ್ದುಹೋಗುತ್ತದೆ. ಉಯಿಲಿಲ್ಲದ ವಿವಾಹಿತರಲ್ಲಿ ಮಕ್ಕಳಿದ್ದರೆ ಸಂಗಾತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಮೂರರಲ್ಲಿ ಎರಡು. ಮಕ್ಕಳಿಲ್ಲದಿದ್ದರೆ ಸಂಗಾತಿಗೆ ಅರ್ಧ. ಹಾಗಾಗಿ ಚರ್ಚಿನಿಂದ ಮದುವೆಯ ಸರ್ಟಿಫಿಕೇಟ್ ಕೈಗೆ ಬಂದ ವಾರವೇ ಪಿಎಫ್ ಪೋರ್ಟಲ್‌ನಲ್ಲಿ ಇ-ನಾಮಿನೇಷನ್, ಬ್ಯಾಂಕ್ ಮತ್ತು ವಿಮೆಯ ನಾಮಿನಿ, ಇಎಸ್‌ಐ ಕಾರ್ಡಿನ ಹೆಸರು ಬದಲಿಸಿ. ಅಮ್ಮನಿಗೂ ಪಾಲು ಸಲ್ಲಬೇಕೆಂದಿದ್ದರೆ ಉಯಿಲನ್ನು ಹೊಸದಾಗಿ ಬರೆದು, ಅದು ಎಲ್ಲಿದೆ ಎಂದು ಸಂಗಾತಿಗೂ ಅಮ್ಮನಿಗೂ ಹೇಳಿಡಿ.